ಹಬ್ಬದ ಕಾಣಿಕೆಯೂ ಕಾಯಕದ ಗೌರವವೂ

ಕಾಯಕವೆಂಬ ಮಾತಿಗೆ ಹನ್ನೆರಡನೆಯ ಶತಮಾನದ ಶರಣರು ಕೊಟ್ಟ ಅರ್ಥವು ಬಹು ವಿಶಾಲವಾದುದು. ಹೊಟ್ಟೆಪಾಡಿಗಾಗಿ ಮಾಡುವ ದುಡಿಮೆಯೆಲ್ಲವೂ ಕಾಯಕವಾಗಲಾರದು. ಸತ್ಯಶುದ್ಧವಾಗಿ ದುಡಿದು, ತನಗೂ ತನ್ನವರಿಗೂ ಬೇಕಾದಷ್ಟನ್ನು ಮಾತ್ರ ಉಳಿಸಿಕೊಂಡು, ಮಿಕ್ಕುದನ್ನು ಸಮಾಜಕ್ಕೆ ದಾಸೋಹವಾಗಿ ಸಲ್ಲಿಸಿದಾಗಲೇ ದುಡಿಮೆಯು ಕಾಯಕವೆನಿಸುತ್ತದೆ. ಈ ತತ್ತ್ವವನ್ನು ವಿವರಿಸುವಾಗ ದುಡಿಯುವವನ ಕರ್ತವ್ಯವನ್ನು ಒತ್ತಿ ಹೇಳುವುದು ವಾಡಿಕೆ. ಆದರೆ ದುಡಿದವನ ಕೈಯಿಂದ ವಸ್ತುವನ್ನು ಕೊಳ್ಳುವವನಿಗೆ ಕರ್ತವ್ಯವೇನೂ ಇಲ್ಲವೇ? ಹಗ್ಗವನ್ನು ಹೊಸೆದವನು ಸಂತೆಗೆ ಬಂದಾಗ ಕೊಳ್ಳುವವರೇ ಇಲ್ಲದಿದ್ದರೆ ಅವನ ಕಾಯಕವು ನಿಲ್ಲುವುದು ಯಾವ ನೆಲೆಯ ಮೇಲೆ? ಅವನ ಮನೆಯ ದಾಸೋಹವು ನಡೆಯುವುದೆಂತು? ಕೊಳ್ಳುವ ಕೈಯೂ ಕಾಯಕದ ಒಂದು ಅಂಗವೇ ಸರಿ. ಈ ಮಾತನ್ನು ವಿಚಾರಿಸಿ ನೋಡಲು ಹಬ್ಬದ ಕಾಲಕ್ಕಿಂತ ತಕ್ಕ ಸಮಯವು ಬೇರಿಲ್ಲ.

ಕನ್ನಡ ನಾಡಿನ ಹಬ್ಬಗಳೆಲ್ಲವೂ ಕೊಟ್ಟು ತೆಗೆದುಕೊಳ್ಳುವ ಹಬ್ಬಗಳೇ. ಪಂಚಮಿಗೆ ತಂಗಿಯನ್ನು ತವರಿಗೆ ಕರೆತಂದ ಅಣ್ಣನು ಸೀರೆಯನ್ನು ಉಡಿಸುತ್ತಾನೆ. ಗೌರಿಹಬ್ಬಕ್ಕೆ ತವರಿನಿಂದ ಮಗಳ ಮನೆಗೆ ಬಾಗಿನವು ಹೋಗುತ್ತದೆ. ದೀಪಾವಳಿಗೆ ಮಗಳೂ ಅಳಿಯನೂ ಬರುತ್ತಾರೆ. ಕಚೇರಿ ಕಾರ್ಖಾನೆಗಳಲ್ಲಿ ಮಿಠಾಯಿಯ ಪೆಟ್ಟಿಗೆಗಳು ಹಂಚಿಕೆಯಾಗುತ್ತವೆ. ಗೃಹಸ್ಥನ ಕೈಯಿಂದ ಹಣವು ಧಾರಾಳವಾಗಿ ಹೊರಗೆ ಹೋಗುವ ದಿನಗಳು ಇವು. ಆ ಹಣವು ಯಾರ ಮನೆಯ ದೀಪಕ್ಕೆ ಎಣ್ಣೆಯಾಯಿತು ಎಂದು ಕೇಳಿಕೊಳ್ಳುವವರು ಮಾತ್ರ ವಿರಳ.

ಮೊರದೊಳಗಿನ ಊರು

ಹಿಂದಿನವರು ಕೊಡುತ್ತಿದ್ದ ಕಾಣಿಕೆಯ ರಚನೆಯನ್ನು ಪರಿಶೀಲಿಸಿದರೆ ಒಂದು ವಿಶೇಷವು ಕಂಡುಬರುತ್ತದೆ. ಗೌರಿಯ ಬಾಗಿನವನ್ನೇ ತೆಗೆದುಕೊಳ್ಳಬಹುದು. ಬಿದಿರಿನ ಮೊರ, ಅದರೊಳಗೆ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಅರಿಸಿನ, ಕುಂಕುಮ, ಗಾಜಿನ ಬಳೆ, ಬಾಚಣಿಗೆ, ಕನ್ನಡಿ, ರವಿಕೆಯ ಕಣ, ಮೇಲೆ ಮುಚ್ಚುವುದಕ್ಕೆ ಮತ್ತೊಂದು ಮೊರ. ಇದು ಕೇವಲ ಮಂಗಳದ್ರವ್ಯಗಳ ಪಟ್ಟಿಯಲ್ಲ. ಮೊರವು ಮೇದರ ಕೈಯದು, ಅಕ್ಕಿಯು ಒಕ್ಕಲಿಗನ ಹೊಲದ್ದು, ಬೆಲ್ಲವು ಆಲೆಮನೆಯದು, ಬಳೆಯು ಮನೆಬಾಗಿಲಿಗೆ ಬರುವ ಬಳೆಗಾರನದು, ಕಣವು ನೇಕಾರನ ಮಗ್ಗದ್ದು. ಒಂದು ಬಾಗಿನವು ಸಿದ್ಧವಾಗಬೇಕಾದರೆ ಸುತ್ತಮುತ್ತಲಿನ ಆರೇಳು ಮನೆಗಳಿಗೆ ಕೆಲಸವು ದೊರೆಯಬೇಕಾಗಿತ್ತು. ಮಗಳಿಗೆ ಹೋದ ಕಾಣಿಕೆಯು ದಾರಿಯಲ್ಲಿ ಊರನ್ನೇ ಒಂದು ಸುತ್ತು ಸುತ್ತಿ ಹೋಗುತ್ತಿತ್ತು.

ಈ ಕಸುಬುಗಳ ಹೆಸರುಗಳನ್ನು ಕೇಳಿದೊಡನೆ ವಚನ ವಾಙ್ಮಯದ ಓದುಗರಿಗೆ ಬೇರೆ ಕೆಲವು ಹೆಸರುಗಳು ನೆನಪಾಗದೆ ಇರವು. ಬಿದಿರಿನ ಬುಟ್ಟಿ ಮೊರಗಳನ್ನು ಹೆಣೆಯುತ್ತಿದ್ದ ಮೇದರ ಕೇತಯ್ಯ, ನೂಲನ್ನು ತೆಗೆಯುತ್ತಿದ್ದ ಕದಿರ ರೆಮ್ಮವ್ವೆ, ಬಸವಣ್ಣನವರಿಗಿಂತ ಹಿಂದೆಯೇ ಬಟ್ಟೆಯನ್ನು ನೇಯುತ್ತಿದ್ದ ಜೇಡರ ದಾಸಿಮಯ್ಯ, ಬತ್ತವನ್ನು ಕುಟ್ಟುತ್ತಿದ್ದ ಕೊಟ್ಟಣದ ಸೋಮವ್ವೆ, ಹಗ್ಗವನ್ನು ಹೊಸೆಯುತ್ತಿದ್ದ ನುಲಿಯ ಚಂದಯ್ಯ - ಇವರೆಲ್ಲರೂ ತಮ್ಮ ಕಸುಬಿನ ಹೆಸರನ್ನು ಮರೆಮಾಡದೆ, ಅದನ್ನೇ ತಮ್ಮ ಹೆಸರಿನ ಮುಂದೆ ಇರಿಸಿಕೊಂಡು ಶರಣರಾದವರು. ದೀಪಾವಳಿಯ ಹಣತೆಯನ್ನು ಕಂಡರೆ ಕುಂಬಾರ ಗುಂಡಯ್ಯನೂ, ಅದರೊಳಗಿನ ಎಣ್ಣೆಯನ್ನು ಕಂಡರೆ ಗಾಣದ ಕಣ್ಣಪ್ಪನೂ ನೆನಪಾಗುತ್ತಾರೆ. ಬಾಗಿನದ ಒಂದು ಮೊರದಲ್ಲಿ ಅನುಭವ ಮಂಟಪದ ಒಂದು ಸಾಲೇ ಕುಳಿತಿದೆಯೆಂದರೆ ಅತಿಶಯೋಕ್ತಿಯಾಗದು.

ಈಗಿನ ಬಾಗಿನದಲ್ಲಿ ಹಲವೆಡೆ ಮೊರದ ಸ್ಥಾನವನ್ನು ಪ್ಲಾಸ್ಟಿಕ್ಕಿನ ತಟ್ಟೆಯು ಆಕ್ರಮಿಸಿದೆ. ಉಳಿದ ಸಾಮಗ್ರಿಗಳೆಲ್ಲವೂ ಎಲ್ಲಿಯೋ ಕಟ್ಟಿದ ಒಂದೇ ಪೊಟ್ಟಣದಲ್ಲಿ ಸಿದ್ಧವಾಗಿ ಬರುತ್ತವೆ. ವಿಧಿಗೆ ಲೋಪವಿಲ್ಲ, ಆದರೆ ಮೊರದೊಳಗಿದ್ದ ಊರು ಮಾತ್ರ ಅದರಲ್ಲಿಲ್ಲ.

ಉಡಿಯಿಂದ ಉಡಿಗೆ ತಿರುಗುವ ಖಣ

ಉತ್ತರ ಕರ್ನಾಟಕದಲ್ಲಿ ಮನೆಗೆ ಬಂದ ಮುತ್ತೈದೆಗೆ ಉಡಿ ತುಂಬುವ ಪದ್ಧತಿಯುಂಟು. ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಅರಿಸಿನದ ಕೊಂಬುಗಳ ಜೊತೆಗೆ ಒಂದು ಖಣವನ್ನು ಇಡಬೇಕು. ಖಣವೆಂದರೆ ಕುಪ್ಪಸದ ಬಟ್ಟೆ. ಇದರ ನೇಯ್ಗೆಗೆ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡವು ಹೆಸರಾದ ಊರು. ಹೊಳೆಯುವ ಒಡಲಿನ ಮೇಲೆ ಸಣ್ಣ ಸಣ್ಣ ಹೂಗಳು ನೇಯ್ಗೆಯಲ್ಲಿಯೇ ಮೂಡಿಬರುವ ಬಟ್ಟೆಯದು. ತೇರು, ಆನೆಹೆಜ್ಜೆ ಮುಂತಾದ ಹೆಸರುಗಳಿಂದ ಆ ವಿನ್ಯಾಸಗಳನ್ನು ಗುರುತಿಸುತ್ತಾರೆ. ಇಳಕಲ್ಲ ಸೀರೆಗೆ ಗುಳೇದಗುಡ್ಡದ ಖಣವೆಂಬುದು ತಲೆತಲಾಂತರದ ಜೋಡಿ.

ಇಂದು ಉಡಿಯಲ್ಲಿ ಬೀಳುವ ಖಣಗಳಲ್ಲಿ ಬಹುಪಾಲು ಈ ಜಾತಿಯವಲ್ಲ. 'ಉಡಿ ತುಂಬುವ ಖಣ' ಎಂಬ ಪ್ರತ್ಯೇಕವಾದ ಒಂದು ಸರಕೇ ಪೇಟೆಯಲ್ಲಿ ಹುಟ್ಟಿಕೊಂಡಿದೆ. ಅದು ಅಳತೆಗೆ ಸಾಲದು, ಒಗೆತಕ್ಕೆ ನಿಲ್ಲದು. ಅದನ್ನು ಯಾರೂ ಹೊಲಿಸಿ ತೊಡುವುದಿಲ್ಲ. ಪಡೆದವಳು ಅದನ್ನು ಪೆಟ್ಟಿಗೆಯಲ್ಲಿ ಇಟ್ಟು, ಮುಂದಿನ ಹಬ್ಬದಲ್ಲಿ ಮತ್ತೊಬ್ಬಳ ಉಡಿಗೆ ಹಾಕುತ್ತಾಳೆ. ಅವಳು ಮೂರನೆಯವಳ ಉಡಿಗೆ. ಹೀಗೆ ಉಡಿಯಿಂದ ಉಡಿಗೆ ವರ್ಷಗಟ್ಟಲೆ ತಿರುಗಿ, ಮಡಿಕೆಯಲ್ಲಿಯೇ ಹರಿದುಹೋಗುವ ಖಣಗಳು ಎಷ್ಟೋ. ಕೊಟ್ಟವಳಿಗೆ ಕೊಟ್ಟೆನೆಂಬ ತೃಪ್ತಿಯಿಲ್ಲ, ಪಡೆದವಳಿಗೆ ತೊಟ್ಟೆನೆಂಬ ಸಂತೋಷವಿಲ್ಲ, ನೇಯ್ದವನಿಗೆ ಕೂಲಿಯೂ ಇಲ್ಲ. ಮೂವರಲ್ಲಿ ಒಬ್ಬರಿಗೂ ಸಲ್ಲದ ಈ ವಸ್ತುವನ್ನು ಕಾಣಿಕೆಯೆಂದು ಕರೆಯುವುದು ಹೇಗೆ?

ಕಾಣಿಕೆಯು ಪೂರ್ಣವಾಗಬೇಕಾದರೆ ಮೂರು ಕೈಗಳು ಅದರಲ್ಲಿ ಕೂಡಬೇಕು: ಮಾಡಿದ ಕೈ, ಕೊಟ್ಟ ಕೈ, ಪಡೆದ ಕೈ. ಈಗಿನ ಕಾಲದ ಗೃಹಸ್ಥನು ಕಡೆಯ ಎರಡನ್ನು ಮಾತ್ರ ಎಣಿಸುತ್ತಾನೆ. ಮೊದಲನೆಯದನ್ನು ಎಣಿಸುವುದೇ ಪ್ರಕೃತ ವಿಷಯದ ತಿರುಳು.

ಮಗ್ಗದ ಹಿಂದಿನ ಮನೆ

ಮಾಡಿದ ಕೈಯನ್ನು ಅರಿಯದೆ ಗೌರವಿಸುವುದು ಸಾಧ್ಯವಿಲ್ಲ. ಕೈಮಗ್ಗದ ಸೀರೆಯೆಂಬುದು ಒಬ್ಬನ ಕೆಲಸವಲ್ಲ. ಒಂದು ಮನೆಯ ಕೆಲಸ. ಕುಣಿಮಗ್ಗದಲ್ಲಿ ಕುಳಿತು ಲಾಳಿಯನ್ನು ಹಾಯಿಸುವವನು ಒಬ್ಬನಾದರೆ, ಅವನಿಗೆ ಕಂಡಿಕೆಗಳನ್ನು ಸುತ್ತಿಕೊಡುವವರು ಮನೆಯ ಮುದುಕರು, ಹೆಂಗಸರು. ಇಳಕಲ್ಲ ಸೀರೆಯ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಒಂದರ ಎಳೆಗಳನ್ನು ಮತ್ತೊಂದರ ಎಳೆಗಳಿಗೆ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸಬೇಕು. ಇದಕ್ಕೆ ಕೊಂಡಿಯೆಂದು ಹೆಸರು. ಕೆಂಪು ರೇಷ್ಮೆಯ ಮೇಲೆ ಬಿಳಿಯ ತೆನೆಗಳು ಸಾಲಾಗಿ ನಿಲ್ಲುವ ಟೋಪು ತೆನಿ ಸೆರಗು ಮೂಡುವುದು ಈ ಕೊಂಡಿಯ ಆಚೆಗೆ. ಕೊಳ್ಳುವವರು ಸೀರೆಯನ್ನು ಬಿಚ್ಚಿ ಒಡಲೂ ಸೆರಗೂ ಕೂಡುವ ಎಡೆಯನ್ನು ಬೆರಳಿನಿಂದ ತಡವಿ ನೋಡಿದರೆ ಈ ಕುಣಿಕೆಗಳ ಸಾಲು ತಾನಾಗಿ ತಿಳಿಯುತ್ತದೆ.

ಬಹುಮಂದಿ ನೇಕಾರರಿಗೆ ನೂಲನ್ನು ಸ್ವಂತವಾಗಿ ಕೊಳ್ಳುವಷ್ಟು ಬಂಡವಾಳವಿಲ್ಲ. ಬಂಡವಾಳಸ್ಥನು ನೂಲನ್ನು ಕೊಟ್ಟು, ಸೀರೆಯೊಂದಕ್ಕೆ ಇಂತಿಷ್ಟೆಂದು ಮಜೂರಿಯನ್ನು ಕೊಡುತ್ತಾನೆ. ಸೀರೆಯು ಮಾರಾಟವಾಗದೆ ಉಳಿದರೆ ಮುಂದಿನ ನೂಲು ಬರುವುದಿಲ್ಲ. ನೂಲು ಬಾರದಿದ್ದರೆ ಮಗ್ಗವು ನಿಲ್ಲುತ್ತದೆ. ಮಗ್ಗವು ನಿಂತ ಮನೆಯ ಮಗನು ದೂರದ ಪಟ್ಟಣದಲ್ಲಿ ಕಾವಲುಗಾರನೋ ಕೂಲಿಯೋ ಆಗುತ್ತಾನೆ. 2019ರ ಆಗಸ್ಟಿನಲ್ಲಿ ಮಲಪ್ರಭಾ ಘಟಪ್ರಭಾ ನದಿಗಳಿಗೆ ನೆರೆ ಬಂದಾಗ ದಂಡೆಯ ಊರುಗಳಲ್ಲಿ ಮಗ್ಗದ ಕುಣಿಗಳಿಗೇ ನೀರು ನುಗ್ಗಿತು. ಆ ಪೆಟ್ಟಿನಿಂದ ಚೇತರಿಸಿಕೊಳ್ಳುವ ಮೊದಲೇ 2020ರ ಬೇಸಗೆಯಲ್ಲಿ ಕೊರೊನಾ ರೋಗದ ದಿಗ್ಬಂಧನವು ಮದುವೆಯ ಕಾಲಕ್ಕೆ ಸರಿಯಾಗಿ ಬಂದೊದಗಿ, ನೇಯ್ದ ಸೀರೆಗಳು ಮನೆಯಲ್ಲಿಯೇ ಉಳಿದುವು. ಇಂತಹ ಪೆಟ್ಟುಗಳನ್ನು ತಡೆದುಕೊಳ್ಳುವ ಶಕ್ತಿಯು ಸಣ್ಣ ಕಸುಬುದಾರನಿಗೆ ಬರುವುದು ವರ್ಷಂಪ್ರತಿ ನಂಬಿಕೆಯಿಂದ ಬಂದು ಕೊಳ್ಳುವ ಗಿರಾಕಿಗಳಿಂದಲೇ ಹೊರತು ಬೇರೆಯಿಂದಲ್ಲ.

ಕಾಯಿದೆಯು ಹೆಸರನ್ನು ಕಾಯುತ್ತದೆ, ಕೈಯನ್ನು?

ಸರಕಾರವು ಏನನ್ನೂ ಮಾಡಿಲ್ಲವೆಂದು ಹೇಳಲಾಗದು. 1985ರ ಕೇಂದ್ರ ಕಾಯಿದೆಯು ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮಾತ್ರವೇ ಮೀಸಲಾಗಿರಿಸಿತು. 2006ರಲ್ಲಿ ಕೈಮಗ್ಗದ ಬಟ್ಟೆಗೆ ಪ್ರತ್ಯೇಕವಾದ ಗುರುತುಚೀಟಿಯು ಬಂದಿತು. 1905ರ ಆಗಸ್ಟ್ 7ರಂದು ಕಲಕತ್ತೆಯಲ್ಲಿ ಸ್ವದೇಶೀ ಚಳವಳಿಯು ಘೋಷಿತವಾದುದರ ನೆನಪಿಗಾಗಿ 2015ರಿಂದ ಆ ದಿನವು ರಾಷ್ಟ್ರೀಯ ಕೈಮಗ್ಗ ದಿನವೆಂದು ಆಚರಿಸಲ್ಪಡುತ್ತಿದೆ. 1999ರ ಭೌಗೋಳಿಕ ಸೂಚಕಗಳ ಕಾಯಿದೆಯ ಮೇರೆಗೆ ಇಳಕಲ್ಲ ಸೀರೆ, ಮೊಳಕಾಲ್ಮೂರಿನ ರೇಷ್ಮೆ ಸೀರೆ, ಚನ್ನಪಟ್ಟಣದ ಆಟಿಕೆ, ಬಿದರಿಯ ಪಾತ್ರೆ, ಕಿನ್ನಾಳದ ಗೊಂಬೆ, ನವಲಗುಂದದ ಜಮಖಾನ, ಧಾರವಾಡದ ಪೇಡೆ ಮುಂತಾದ ಹತ್ತಾರು ವಸ್ತುಗಳಿಗೆ ರಕ್ಷಣೆಯು ದೊರೆತಿದೆ. ಬೇರೆಡೆಯಲ್ಲಿ ಮಾಡಿದ ಸರಕಿಗೆ ಆ ಊರಿನ ಹೆಸರನ್ನು ಹಚ್ಚಿ ಮಾರುವಂತಿಲ್ಲ.

ಆದರೆ ಕಾಯಿದೆಯ ಆಸರೆಯು ಎಷ್ಟು ದೂರ ಬರಬಲ್ಲುದೆಂಬುದಕ್ಕೆ ಹುಬ್ಬಳ್ಳಿಯಲ್ಲಿಯೇ ನಿದರ್ಶನವಿದೆ. ಅಲ್ಲಿನ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಖಾದಿಯ ರಾಷ್ಟ್ರಧ್ವಜಗಳನ್ನು ತಯಾರಿಸಿ ದೇಶಕ್ಕೆಲ್ಲ ಹೆಸರಾಯಿತು. ಧ್ವಜವು ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಬಟ್ಟೆಯದೇ ಆಗಿರಬೇಕೆಂಬ ನಿಯಮವು ಆ ಕೆಲಸಕ್ಕೆ ಬೆನ್ನೆಲುಬಾಗಿತ್ತು. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಪಾಲಿಯೆಸ್ಟರಿನ ಮತ್ತು ಯಂತ್ರದಲ್ಲಿ ತಯಾರಾದ ಧ್ವಜಗಳಿಗೂ ಅನುಮತಿಯು ದೊರೆಯಿತು. ಮರುವರ್ಷವೇ, ಸ್ವಾತಂತ್ರ್ಯದ 75 ವರ್ಷಗಳು ತುಂಬಿ ಮನೆಮನೆಯ ಮೇಲೂ ಧ್ವಜವು ಹಾರಿದ 2022ರಲ್ಲಿಯೇ, ಖಾದಿಯ ಧ್ವಜಕ್ಕೆ ಬೇಡಿಕೆಯು ಕುಗ್ಗಿತು. ನಿಯಮವು ಇದ್ದಷ್ಟು ಕಾಲ ನಿಯಮವು ಕಾಯ್ದಿತು. ಅದು ಸರಿದ ಬಳಿಕ ಕಾಯಬೇಕಾದವನು ಕೊಳ್ಳುವವನು. ಕಾಯಿದೆಯು ಹೆಸರನ್ನು ಕಾಯಬಲ್ಲುದು; ಕೈಯನ್ನು ಕಾಯುವುದು ಗಿರಾಕಿಯ ವಿವೇಕವೇ.

ಇದೇ ಮಾತು ಊರಿನ ಸಣ್ಣ ಅಂಗಡಿಗೂ ಸಲ್ಲುತ್ತದೆ. ಸಂತೆಪೇಟೆಯ ಬಟ್ಟೆಯಂಗಡಿ, ಗಾಣದ ಎಣ್ಣೆಯ ಮಳಿಗೆ, ಪುಸ್ತಕದಂಗಡಿ, ಮನೆಯಲ್ಲಿಯೇ ಕರದಂಟನ್ನು ಕಟ್ಟಿ ಮಾರುವ ಹೆಂಗಸು - ಇವರಿಗೆ ಬಂದ ಲಾಭವು ಅದೇ ಊರಿನ ದರ್ಜಿಗೆ, ಶಾಲೆಗೆ, ಜಾತ್ರೆಯ ಪಟ್ಟಿಗೆ ಹರಿಯುತ್ತದೆ. ಮನೆಯಲ್ಲಿ ಕಾಯಿಲೆ ಬಂದಾಗ ಗುರುತಿನ ಮೇಲೆ ಉದ್ದರಿ ಕೊಡುವವನು ಇಂತಹ ಅಂಗಡಿಯವನೇ. ಬಲಿಪಾಡ್ಯಮಿಯಂದು ಅವನು ಹೊಸ ಖಾತೆಪುಸ್ತಕಕ್ಕೆ ಪೂಜೆ ಮಾಡುತ್ತಾನೆ. ಆ ಪುಸ್ತಕದಲ್ಲಿ ಊರಿನವರ ಹೆಸರುಗಳು ಸಾಲದ ಪುಟದಲ್ಲಿ ಮಾತ್ರ ಇದ್ದು, ನಗದಿನ ಪುಟವು ಬರಿದಾಗಿದ್ದರೆ ಆ ಅಂಗಡಿಯು ಎಷ್ಟು ಕಾಲ ಬಾಗಿಲು ತೆರೆದೀತು?

ಎರಡು ಆಕ್ಷೇಪಗಳು

ಕೈಯಿಂದ ಮಾಡಿದ ವಸ್ತುವಿಗೆ ಬೆಲೆ ಹೆಚ್ಚು. ಬಡ ಸಂಸಾರವು ಅದನ್ನು ಕೊಳ್ಳುವುದು ಹೇಗೆ ಎಂಬುದು ಮೊದಲನೆಯ ಆಕ್ಷೇಪ. ಇದು ನಿಜವಾದ ತೊಡಕೇ. ಇದಕ್ಕೆ ಉತ್ತರವೆಂದರೆ, ಹೆಚ್ಚು ಕೊಡುವುದಲ್ಲ, ಕಡಿಮೆ ಕೊಡುವುದು. ತೊಡಲಾಗದ ಐದು ಖಣಗಳ ಬದಲು ತೊಡಬಹುದಾದ ಒಂದು ಖಣ. ಬಣ್ಣದ ಕಾಗದದಲ್ಲಿ ಸುತ್ತಿದ ದೊಡ್ಡ ಪೆಟ್ಟಿಗೆಯ ಬದಲು ಪಾವು ಕಿಲೋ ಒಳ್ಳೆಯ ಸಿಹಿ. ಸಾಲ ಮಾಡಿ ಕೊಟ್ಟ ಉಡುಗೊರೆಯು ಶರಣಸಮ್ಮತವಲ್ಲ. ಹಣವನ್ನೇ ಬೇಡದ ಕಾಣಿಕೆಗಳೂ ಉಂಟು. ಅವುಗಳ ಪ್ರಸ್ತಾಪವು ಮುಂದೆ ಬರುತ್ತದೆ.

ಎರಡನೆಯ ಆಕ್ಷೇಪವು ಇನ್ನೂ ಗಂಭೀರವಾದುದು. ಯಂತ್ರಮಗ್ಗದಲ್ಲಿ ದುಡಿಯುವವನೂ ಶ್ರಮಜೀವಿಯಲ್ಲವೇ? ದೂರದ ಕಾರ್ಖಾನೆಯ ಕೆಲಸಗಾರನು ಕಾಯಕಜೀವಿಯಲ್ಲವೇ? ನಿಸ್ಸಂದೇಹವಾಗಿ ಅಹುದು. ಯಂತ್ರದ ವಸ್ತುವನ್ನು ಯಂತ್ರದ್ದೆಂದೇ ಹೇಳಿ, ಯಂತ್ರದ ಬೆಲೆಗೆ ಮಾರಿದರೆ ಅದರಲ್ಲಿ ದೋಷವೇನೂ ಇಲ್ಲ. ಯಂತ್ರದ ಸೀರೆಗೆ ಕೈಮಗ್ಗದ ಹೆಸರನ್ನಿಟ್ಟು ಮಾರುವುದು ಮಾತ್ರ ಅಸತ್ಯ. ಅದರಿಂದ ಕೊಳ್ಳುವವನೂ ಮೋಸಹೋಗುತ್ತಾನೆ, ನೇಯ್ದವನೂ ಕೆಡುತ್ತಾನೆ. ಇನ್ನು ಮೊಬೈಲಿನ ಮೂಲಕ ಮನೆಗೆ ತರಿಸಿಕೊಳ್ಳುವ ಪದ್ಧತಿಯನ್ನೂ ಸಾರಾಸಗಟಾಗಿ ಅಲ್ಲಗಳೆಯಬೇಕಾಗಿಲ್ಲ. ನೇಕಾರರು ತಾವೇ ಚಿತ್ರಗಳನ್ನು ಕಳುಹಿಸಿ ನೇರವಾಗಿ ಮಾರುವುದಕ್ಕೂ ಅದೇ ಮೊಬೈಲು ನೆರವಾಗಿದೆ. ಕೇಳಬೇಕಾದ ಪ್ರಶ್ನೆ ಒಂದೇ: ಮಾಡಿದವನಾರು, ಅವನಿಗೆ ತಲುಪಿದುದೆಷ್ಟು?

ಇಲ್ಲಿ ಒಂದು ಎಚ್ಚರವೂ ಅವಶ್ಯ. ಕಸುಬನ್ನು ಉಳಿಸಬೇಕೆಂದರೆ ಮೇದರ ಮಗನು ಮೇದನಾಗಿಯೇ, ನೇಕಾರನ ಮಗನು ನೇಕಾರನಾಗಿಯೇ ಇರಬೇಕೆಂಬ ಅರ್ಥವಲ್ಲ. ಹುಟ್ಟಿನಿಂದ ಕಸುಬನ್ನು ಕಟ್ಟಿಹಾಕುವ ಹಗ್ಗವನ್ನು ಕಡಿದವರೇ ಶರಣರು. ಕಸುಬಿಗೆ ತಕ್ಕ ಪ್ರತಿಫಲವು ಸಿಕ್ಕರೆ ಆ ಮನೆಯ ಮಕ್ಕಳು ಓದಬಲ್ಲರು; ಓದಿದ ಮೇಲೆ ಬೇಕೆಂದು ಮಗ್ಗಕ್ಕೆ ಮರಳಬಲ್ಲರು, ಬೇಡವೆಂದು ಬಿಡಲೂಬಲ್ಲರು. ಬಡತನದಿಂದ ಬಿಡುವುದೂ ಬಡತನದಿಂದ ಅಂಟಿಕೊಂಡಿರುವುದೂ ಎರಡೂ ಸ್ವಾತಂತ್ರ್ಯವಲ್ಲ.

ಏನನ್ನು ಕೊಡಬಹುದು?

ಎಳೆಯ ಮಗುವಿಗೆ ಕೊಡುವುದಾದರೆ ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿರುವ ಚನ್ನಪಟ್ಟಣದ ಆಟಿಕೆಯುಂಟು. ಆಲೆಮರವನ್ನು ಕಡೆದು, ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಳಿಕ ಒಣಗಿದ ಗರಿಯಿಂದ ತಿಕ್ಕಿ ಹೊಳಪನ್ನು ಕೊಡುತ್ತಾರೆ. ಹಿರಿಯರಿಗೆ ಕುರಿಯ ಉಣ್ಣೆಯ ಕಂಬಳಿ. ಮದುವೆಯಾದವರಿಗೆ, ಶಕ್ತಿಯಿದ್ದಲ್ಲಿ, ಬೆಳ್ಳಿಯನ್ನು ಕೂರಿಸಿ ಬೀದರಿನ ಕೋಟೆಯ ಮಣ್ಣಿನಿಂದ ಕಪ್ಪೇರಿಸಿದ ಒಂದು ಚಿಕ್ಕ ಡಬ್ಬಿ. ಓದುವ ಮನೆಗೆ ಕನ್ನಡದ ಪುಸ್ತಕ, ಅಥವಾ ಒಂದು ಪತ್ರಿಕೆಯ ವರ್ಷದ ಚಂದಾ.

ಹಣವು ಕಡಿಮೆಯಿರುವವರಿಗೆ ಕೌದಿಗಿಂತ ಮೇಲಾದ ಕಾಣಿಕೆಯಿಲ್ಲ. ಅಜ್ಜಿಯ ಹಳೆಯ ಸೀರೆಗಳನ್ನು ಪದರಪದರವಾಗಿ ಕೂಡಿಸಿ, ಮನೆಯವರೇ ಹೊಲಿದೋ ಕೌದಿ ಹೊಲಿಯುವ ಹೆಂಗಸಿಗೆ ಕೂಲಿ ಕೊಟ್ಟು ಹೊಲಿಸಿಯೋ ಮೊಮ್ಮಗುವಿಗೆ ಹೊದಿಸಿದರೆ, ಅದಕ್ಕೆ ಸಮನಾದ ಹೊದಿಕೆಯು ಯಾವ ಅಂಗಡಿಯಲ್ಲಿಯೂ ಸಿಕ್ಕದು. ಮನೆಯಲ್ಲಿ ಉಳಿಸಿಕೊಂಡ ಬಿತ್ತನೆಯ ಬೀಜ, ಹಿತ್ತಲಿನ ಸಸಿ, ಒಂಟಿಯಾಗಿರುವ ವೃದ್ಧರ ಮನೆಗೆ ಹೋಗಿ ಅಡುಗೆ ಮಾಡಿ ಬಡಿಸಿದ ಒಂದು ದಿನ - ಇವೂ ಕಾಣಿಕೆಗಳೇ. ಕೊಟ್ಟವನ ಕಾಯಕವೇ ಇಲ್ಲಿ ಉಡುಗೊರೆಯಾಗುತ್ತದೆ.

ಸಭೆ ಸಮಾರಂಭಗಳಲ್ಲಿಯೂ ಈ ವಿಚಾರವು ನಡೆಯುವುದು ಯುಕ್ತ. ಮಠಗಳ ಉತ್ಸವಗಳೂ ಇದಕ್ಕೆ ಹೊರತಲ್ಲ. ಗಣ್ಯರಿಗೆ ಹೊದಿಸುವ ಮಿರುಗುವ ಶಾಲುಗಳು ಖಣಗಳಂತೆಯೇ ಹೆಗಲಿನಿಂದ ಹೆಗಲಿಗೆ ತಿರುಗುತ್ತವೆ. 2021ರ ಆಗಸ್ಟಿನಲ್ಲಿ ಕರ್ನಾಟಕ ಸರಕಾರವು ತನ್ನ ಸಮಾರಂಭಗಳಲ್ಲಿ ಹಾರ, ಹೂಗುಚ್ಛ, ಶಾಲುಗಳ ಬದಲು ಕನ್ನಡ ಪುಸ್ತಕಗಳನ್ನು ಕೊಡತಕ್ಕದ್ದೆಂದು ಸೂಚಿಸಿತು. ಸರಕಾರಕ್ಕೆ ತೋರಿದ ಈ ಮಾರ್ಗವು ಕಾಯಕತತ್ತ್ವವನ್ನು ಬೋಧಿಸುವ ವೇದಿಕೆಗಳಿಗೆ ಕಷ್ಟವಾಗಲಾರದು. ಶಾಲೇ ಬೇಕೆಂದಾದರೆ ಸಮೀಪದ ನೇಕಾರನೊಬ್ಬನು ನೇಯ್ದ ಖಾದಿಯ ವಸ್ತ್ರವನ್ನು ಹೊದಿಸಿ, ನೇಯ್ದವನ ಹೆಸರನ್ನು ಸಭೆಯಲ್ಲಿ ಹೇಳಬಹುದು.

ಕೊಳ್ಳುವ ರೀತಿ

ಏನನ್ನು ಕೊಂಡರೆಂಬುದಕ್ಕಿಂತ ಹೇಗೆ ಕೊಂಡರೆಂಬುದು ಮುಖ್ಯ. ಕೈಕಸುಬಿಗೆ ಕಾಲಾವಕಾಶವು ಬೇಕು. ದೀಪಾವಳಿಯ ಸೀರೆಯನ್ನು ಶ್ರಾವಣದಲ್ಲಿಯೇ ಹೇಳಿದರೆ ಮಗ್ಗಕ್ಕೆ ಮಳೆಗಾಲದಲ್ಲಿಯೂ ಕೆಲಸವಿರುತ್ತದೆ. ಹಬ್ಬದ ಹಿಂದಿನ ದಿನ ಹೊರಟವನಿಗೆ ಸಿಕ್ಕುವುದು ಸಿದ್ಧಸರಕು ಮಾತ್ರ. ಕೊಂಡೊಡನೆ ಹಣವನ್ನು ಸಲ್ಲಿಸಬೇಕು. ದೊಡ್ಡ ಮಳಿಗೆಯಲ್ಲಿ ಚೀಟಿಯ ಬೆಲೆಯನ್ನು ಮರುಮಾತಿಲ್ಲದೆ ಕೊಟ್ಟು ಬಂದವನು, ಬೀದಿಯಲ್ಲಿ ಹಣತೆ ಮಾರುವ ಮುದುಕಿಯೊಡನೆ ಎರಡು ರೂಪಾಯಿಗಾಗಿ ಜಗ್ಗಾಡುವುದು ಅನ್ಯಾಯ. ವಸ್ತುವಿನಲ್ಲಿ ಕುಂದಿದ್ದರೆ ಅದನ್ನು ನೇರವಾಗಿ ಹೇಳಬೇಕು. ಹೇಳದೆ ಬಿಟ್ಟು ಮರಳಿ ಬಾರದಿರುವುದಕ್ಕಿಂತ ಅದು ಕಸುಬುದಾರನಿಗೆ ಹೆಚ್ಚು ಉಪಕಾರ.

ಎಲ್ಲಕ್ಕೂ ಮಿಗಿಲಾಗಿ, ಕನಿಕರದಿಂದ ಕೊಳ್ಳಬಾರದು. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗವು ಎಲ್ಲರಿಗೂ ತಿಳಿದುದೇ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಹಿಗ್ಗಲಿಲ್ಲ, ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬರುವಂತೆ ಗಂಡನನ್ನು ಕಳುಹಿಸಿದಳು. ದುಡಿಯುವವನಿಗೆ ಬೇಕಾದುದು ಭಿಕ್ಷೆಯಲ್ಲ, ತಕ್ಕುದಾದ ಬೆಲೆ. ಹೆಚ್ಚೂ ಬೇಡ, ಕಡಿಮೆಯೂ ಸಲ್ಲದು. ಕಡಿಮೆ ಕೊಟ್ಟವನು ಅವನ ಅನ್ನವನ್ನು ಕಸಿಯುತ್ತಾನೆ. ದಯೆಯೆಂದು ಹೆಚ್ಚು ಕೊಟ್ಟವನು ಅವನ ಮಾನವನ್ನು ಕಸಿಯುತ್ತಾನೆ.

ಮನನಕ್ಕೆ

1. ಕಳೆದ ಹಬ್ಬದಲ್ಲಿ ಮನೆಗೆ ಬಂದ ಕಾಣಿಕೆಗಳಲ್ಲಿ ಎಷ್ಟು ಬಳಕೆಗೆ ಬಂದುವು, ಎಷ್ಟು ಮತ್ತೊಂದು ಮನೆಗೆ ಸಾಗಿದುವು?

2. ಆ ಕಾಣಿಕೆಗಳಲ್ಲಿ ಮಾಡಿದವರ ಊರನ್ನಾದರೂ ಹೇಳಬಹುದಾದುವು ಎಷ್ಟು?

3. ವಾಸವಾಗಿರುವ ಊರಿನಲ್ಲಿ ಇನ್ನೂ ಉಳಿದಿರುವ ಕೈಕಸುಬುಗಳು ಯಾವುವು? ಅವರ ಅಂಗಳಕ್ಕೆ ಕಡೆಯ ಸಲ ಹೋದುದು ಎಂದು?

4. ಕೊಳ್ಳುವವನಿಗೂ ಸತ್ಯಶುದ್ಧ ಕಾಯಕದ ನಿಯಮವು ಅನ್ವಯಿಸುವುದಾದರೆ, ಚೌಕಾಸಿಯ ಮಿತಿ ಯಾವುದು?

ಈ ಪ್ರಶ್ನೆಗಳಿಗೆ ಉತ್ತರವನ್ನು ಬರೆದಿಡುವುದಕ್ಕಿಂತ ಮುಂಬರುವ ಹಬ್ಬದಲ್ಲಿ ನಡೆದು ತೋರಿಸುವುದು ಲೇಸು. ಎಲ್ಲವನ್ನೂ ಒಂದೇ ವರ್ಷದಲ್ಲಿ ಬದಲಾಯಿಸಬೇಕಾಗಿಲ್ಲ. ಒಂದು ಮನೆಯು ಒಂದು ಖಣವನ್ನು ನೇಯ್ದವನಿಂದ ಕೊಂಡು, ಅದನ್ನು ಪಡೆದ ಮಗಳು ಹೊಲಿಸಿ ತೊಟ್ಟರೆ, ಮೂರು ಕೈಗಳೂ ಕೂಡಿದಂತಾಯಿತು. ಆ ಖಣವು ಮತ್ತೆ ಪೆಟ್ಟಿಗೆಯನ್ನು ಸೇರದು.